ಬೆಟ್ಟ ಅಗೆದು ಇಲಿ ಹಿಡಿದವರ ಕಥೆ

ಮೊನ್ನೆ ಭಾನುವಾರ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. "ಮಾವ, ಇದು ಮುಂಗುಸೀನಾ?"

ನೋಡಿದರೆ ಇಂಗ್ಲೆಂಡಿನ ಯಾವುದೋ ಹಳ್ಳಿ. ಕೋಳಿಮನೆ ಪಕ್ಕದ ಬಿಲದೊಳಗೆ ಒಬ್ಬ ರೈತ ಉದ್ದ ಮೈಯ, ಗಿಡ್ಡ ಕಾಲಿನ, ಕೆನೆಬಣ್ಣದ ಒಂದು ಪ್ರಾಣಿಯನ್ನು ಬಿಡುತ್ತಾನೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಅಕ್ಕಪಕ್ಕದ ಬಿಲಗಳಿಂದ ಇಲಿಗಳು ಪುಳಪುಳ ಅಂತ ಹೊರಗೆ ಬರುತ್ತವೆ. ಕಾದು ನಿಂತಿದ್ದ ಎರಡು ಸಣ್ಣ ನಾಯಿಗಳು ಒಂದೊಂದನ್ನೇ ಕಚ್ಚಿ, ಕೊಡವಿ, ಬಿಸಾಡುತ್ತವೆ. ಹತ್ತು ನಿಮಿಷದಲ್ಲಿ ರೈತ ಇಲಿಗಳನ್ನು ಸಾಲಾಗಿ ಜೋಡಿಸಿ ಎಣಿಸುತ್ತಿದ್ದ.

"ಮುಂಗುಸಿ ಅಲ್ಲ ಕಣೋ, ಅದು ಫೆರೆಟ್" ಅಂದೆ.

"ಕನ್ನಡದಲ್ಲಿ ಏನಂತಾರೆ?"

ತಡವರಿಸಿದೆ. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ, ಯಾಕೆಂದರೆ ನಮ್ಮಲ್ಲಿ ಆ ಪ್ರಾಣಿಯೇ ಇರಲಿಲ್ಲ. ಆದರೆ ಆ ಕೆಲಸ ಇತ್ತು. ಕೃಷ್ಣರಾಜನಗರದ ಹತ್ತಿರ ತಾತನ ಗದ್ದೆಯ ಬದುವಿನ ಮೇಲೆ ಕೂತು ನಾನೇ ಕಣ್ಣಾರೆ ನೋಡಿದ್ದೆ. ಅಲ್ಲಿ ಬಿಲಕ್ಕೆ ಇಳಿಯುತ್ತಿದ್ದದ್ದು ಫೆರೆಟ್ ಅಲ್ಲ, ಒಬ್ಬ ಮನುಷ್ಯನ ಕೈ. ಅವತ್ತಿನಿಂದ ಅದೇ ತಲೆಯಲ್ಲಿ ಕೊರೀತಾ ಇದೆ. ಅದಕ್ಕೇ ಈ ಬರಹ, ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)



ಮೊದಲು ಫೆರೆಟ್ ಪುರಾಣ ಮುಗಿಸಿಬಿಡೋಣ. ಯೂರೋಪಿನ ಪೋಲ್‌ಕ್ಯಾಟ್ ಅನ್ನೋ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಪಳಗಿಸಿ ಮಾಡಿಕೊಂಡದ್ದು ಇದು. ಹೆಸರಿನ ಮೂಲ ಲ್ಯಾಟಿನ್, 'ಪುಟ್ಟ ಕಳ್ಳ' ಅಂತ ಅರ್ಥ. ತೂಕ ಒಂದು ಕೆಜಿ ಆಚೀಚೆ. ಹೆಣ್ಣು ಇನ್ನೂ ಸಣ್ಣದು, ಅದಕ್ಕೇ ಇಲಿ ಬಿಲಕ್ಕೆ ಹೆಚ್ಚಾಗಿ ಹೆಣ್ಣನ್ನೇ ಬಿಡುತ್ತಾರೆ. ಅಸಲಿಗೆ ಅದನ್ನು ಸಾಕಿದ್ದು ಮೊಲದ ಬೇಟೆಗೆ. ಬಲಿಯಾರಿಕ್ ದ್ವೀಪಗಳಲ್ಲಿ ಮೊಲ ವಿಪರೀತ ಹೆಚ್ಚಿ ಬೆಳೆಯೆಲ್ಲ ಹಾಳಾದಾಗ ಅಲ್ಲಿನ ಜನ ಸೈನ್ಯ ಕಳಿಸಿಕೊಡಿ ಅಂತ ಚಕ್ರವರ್ತಿ ಅಗಸ್ಟಸ್‌ಗೆ ಮೊರೆ ಹೋದರು ಎಂದು ರೋಮಿನ ಪ್ಲಿನಿ ಮೊದಲನೇ ಶತಮಾನದಲ್ಲಿ ಬರೆದಿದ್ದಾನೆ. ಬಿಲಕ್ಕೆ ನುಗ್ಗಿಸಿ ಮೊಲ ಹೊರಡಿಸುವ ಪ್ರಾಣಿಯ ಮಾತೂ ಅಲ್ಲೇ ಬರುತ್ತದೆ.

ಕೆಲಸದ ಗುಟ್ಟು ಏನಂದರೆ, ಫೆರೆಟ್ ಇಲಿಯನ್ನು ಹಿಡಿಯಬೇಕಾಗಿಲ್ಲ, ಹೆದರಿಸಿದರೆ ಸಾಕು. ಹಸಿದಿದ್ದರೆ ಒಳಗೇ ಒಂದನ್ನು ಕೊಂದು, ತಿಂದು, ಅಲ್ಲೇ ಮಲಗಿಬಿಡುತ್ತದೆ. ಆಮೇಲೆ ಯಜಮಾನ ಬಿಲದ ಬಾಯಲ್ಲಿ ಸಂಜೆವರೆಗೂ ಕಾಯಬೇಕು. ಹಾಗಾಗಿ ಹೊಟ್ಟೆಗೆ ಸ್ವಲ್ಪ ಹಾಕಿಯೇ ಬಿಡುತ್ತಾರೆ. ಇಲಿಯೂ ಸುಮ್ಮನಿರೋದಿಲ್ಲ, ಮೂಲೆಗೆ ಸಿಕ್ಕರೆ ಕಚ್ಚುತ್ತದೆ.

ಇಂಥ ಪುಟ್ಟ ಪ್ರಾಣಿಗೂ ಕಾನೂನು ಬಂದಿತ್ತು. ಇಂಗ್ಲೆಂಡಿನಲ್ಲಿ ೧೩೯೦ರಲ್ಲಿ, ಎರಡನೇ ರಿಚರ್ಡ್ ಕಾಲದಲ್ಲಿ, ಭೂಮಿಯಿಂದ ವರ್ಷಕ್ಕೆ ೪೦ ಷಿಲಿಂಗ್ ಆದಾಯ ಇಲ್ಲದವರು ಬೇಟೆನಾಯಿ, ಫೆರೆಟ್, ಬಲೆ ಇಟ್ಟುಕೊಳ್ಳಬಾರದು ಅಂತ ಮಾಡಿದರು. ಅಂದರೆ ಬಿಲದೊಳಗಿನ ಮೊಲವೂ ಉಳ್ಳವರ ಸ್ವತ್ತು. ಈ ಮಾತು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಇನ್ನೊಬ್ಬನನ್ನೂ ನೆನಪಿಟ್ಟುಕೊಳ್ಳಿ. ಜ್ಯಾಕ್ ಬ್ಲ್ಯಾಕ್. ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನು ನಾನು ಅಂತ ಹೇಳಿಕೊಂಡು ಲಂಡನ್ನಿನ ಬೀದಿಗಳಲ್ಲಿ ಓಡಾಡುತ್ತಿದ್ದವನು. ಎದೆಗೆ ಅಡ್ಡಲಾಗಿ ಲೋಹದ ಇಲಿಗಳನ್ನು ಕೂರಿಸಿದ ಪಟ್ಟಿ, ಪಂಜರದಲ್ಲಿ ಇಲಿಗಳು, ಸಾಕಿದ ಫೆರೆಟ್‌ಗಳು. ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತ ಲಂಡನ್ನಿನ ಬಡವರ ಕಸುಬುಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಇವನ ಮಾತುಗಳನ್ನು ಇವನ ಬಾಯಲ್ಲೇ ಕೇಳಿ ಬರೆದುಕೊಂಡ. ಹತ್ತೊಂಬತ್ತನೇ ಶತಮಾನದ ನಡುವಿನ ಮಾತು. ಇಲಿ ಕಚ್ಚಿ ಎಷ್ಟು ಸಲ ಸಾಯುವ ಹಾಗಾಗಿದ್ದೆ ಅಂತೆಲ್ಲ ಅವನು ಹೇಳಿಕೊಂಡಿದ್ದಾನೆ. ಇವತ್ತಿಗೂ ಅವನ ಹೆಸರು, ಚಿತ್ರ, ಮಾತು ಎಲ್ಲ ಉಳಿದಿದೆ.



ಪ್ರಾಣಿಯ ಕೈಯಲ್ಲಿ ಪ್ರಾಣಿ ಹಿಡಿಸುವ ವಿದ್ಯೆ ನಮಗೆ ಗೊತ್ತಿರಲಿಲ್ಲವಾ? ಚೆನ್ನಾಗಿಯೇ ಗೊತ್ತಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಡೇಗೆ ಬಿಟ್ಟು ಹಕ್ಕಿ ಹಿಡಿಯುವ ವಿವರ ಇದೆ. ಟಿಪ್ಪುವಿನ ಹತ್ತಿರ ಬೇಟೆಯ ಚೀತಾಗಳಿದ್ದವು, ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಪಾಲಾದವು. ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯಲ್ಲಂತೂ ಪಳಗಿದ ಆನೆಗಳ ಮೇಲೆ ಕೂತು ಕಾಡಾನೆ ಹಿಡಿಯುವ ಖೆಡ್ಡಾ ೧೯೭೦ರ ದಶಕದ ಆರಂಭದವರೆಗೂ ನಡೆಯಿತು. ದೇಶವಿದೇಶದ ದೊಡ್ಡವರೆಲ್ಲ ಬಂದು ನೋಡಿ ಹೋದರು.

ಹಕ್ಕಿಗೆ ಡೇಗೆ, ಜಿಂಕೆಗೆ ಚೀತಾ, ಆನೆಗೆ ಆನೆ. ಇಲಿಗೆ ಮಾತ್ರ ಯಾವ ದೊರೆಯೂ ಏನನ್ನೂ ಪಳಗಿಸಲಿಲ್ಲ. ಇಲಿ ದೊರೆಯ ಬೇಟೆ ಅಲ್ಲವಲ್ಲ.

ಹಾಗಂತ ಬೇಟೆಗಾರರು ಇರಲಿಲ್ಲ ಅಂತಲ್ಲ. ಫೆರೆಟ್‌ನ ಸ್ವಂತ ಕುಲದವರು ಅಂದರೆ ನಮ್ಮ ಕಾವೇರಿ, ಕಬಿನಿಯ ನೀರುನಾಯಿಗಳು. ಆದರೆ ಅವಕ್ಕೆ ಮೀನಿದ್ದರೆ ಸಾಕು. ಮುಂಗುಸಿ ನೋಡೋಕೆ ಫೆರೆಟ್ ಥರ ಕಂಡರೂ ಕುಲವೇ ಬೇರೆ, ನಾಯಿಗಿಂತ ಬೆಕ್ಕಿನ ಕಡೆಗೆ ಹತ್ತಿರ. ಕೆಲವು ಮನೆಗಳಲ್ಲಿ ಮರಿಯಿಂದ ಸಾಕುತ್ತಿದ್ದರು, ಪಂಚತಂತ್ರದ ಬ್ರಾಹ್ಮಣಿ-ಮುಂಗುಸಿ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಹೇಳಿದ ಕೆಲಸ ಮಾಡುವ ಜಾತಿಯಲ್ಲ ಅದು. ರಾತ್ರಿ ಪಾಳಿಗೆ ಗೂಬೆ. ಇನ್ನು ಇಲಿಯ ಬಿಲದೊಳಕ್ಕೇ ನುಗ್ಗಿ ಹಿಡಿಯುವುದು ಕೇರೆ ಹಾವು. ನನ್ನ ಕೇಳಿದರೆ ನಮ್ಮ ಗದ್ದೆಯ ಅಸಲಿ ಫೆರೆಟ್ ಅಂದರೆ ಕೇರೆ ಹಾವೇ. ಸಂಬಳ ಇಲ್ಲ, ಸಾಕಬೇಕಾಗಿಲ್ಲ. ಕಂಡಾಗ ದೊಣ್ಣೆ ಎತ್ತದಿದ್ದರೆ ಸಾಕು.



"ಹಂಗಾದ್ರೆ ನಾವೂ ಒಂದಷ್ಟು ಫೆರೆಟ್ ತಂದು ಗದ್ದೆಗೆ ಬಿಟ್ರೆ?" ಅಂತ ಅಕ್ಕನ ಮಗ ಕೇಳಿದ. ಬೇರೆಯವರು ಆಗಲೇ ಬಿಟ್ಟು ಕೈ ಸುಟ್ಟುಕೊಂಡಿದ್ದಾರೆ. ೧೮೮೦ರ ದಶಕದಲ್ಲಿ ನ್ಯೂಜಿಲೆಂಡಿನವರು ಮೊಲದ ಕಾಟಕ್ಕೆ ಅಂತ ಸಾವಿರಾರು ಫೆರೆಟ್ ಬಿಟ್ಟರು. ಮೊಲ ಮುಗಿಯಲಿಲ್ಲ. ಹಾರಲಾರದ ಅಲ್ಲಿನ ಕಿವಿ ಹಕ್ಕಿಗಳಿಗೆ ಮಾತ್ರ ಗ್ರಹಚಾರ ಶುರುವಾಯಿತು.

ನಮ್ಮ ದೇಶದ ಮುಂಗುಸಿಯದ್ದೂ ಅದೇ ಕಥೆ. ೧೮೭೨ರಲ್ಲಿ ಜಮೈಕಾದ ಕಬ್ಬಿನ ತೋಟದ ಯಜಮಾನ ಎಸ್ಪ್ಯೂಟ್ ಅನ್ನುವವನು ಇಲಿ ಕಾಟ ತಾಳಲಾರದೆ ಕಲ್ಕತ್ತಾದಿಂದ ಒಂಬತ್ತು ಮುಂಗುಸಿ ತರಿಸಿದ. ನಮ್ಮೂರ ಬೂದು ಮುಂಗುಸಿ ಅಲ್ಲ, ಉತ್ತರದ ಕಡೆಯ ಚಿಕ್ಕ ಜಾತಿ. ಮೊದಮೊದಲು ಕಬ್ಬು ಉಳಿಯಿತು, ಜನ ಹೊಗಳಿದರು. ೧೮೮೩ರಲ್ಲಿ ಹವಾಯಿಯವರೂ ತರಿಸಿಕೊಂಡರು. ಆದರೆ ಇಲಿ ಓಡಾಡೋದು ರಾತ್ರಿ, ಮುಂಗುಸಿ ಓಡಾಡೋದು ಹಗಲು. ಒಬ್ಬರಿಗೊಬ್ಬರು ಸಿಗೋದೇ ಅಪರೂಪ! ಮುಂಗುಸಿ ಕೋಳಿ, ಹಕ್ಕಿಮೊಟ್ಟೆ, ಹಲ್ಲಿ, ಆಮೆಮೊಟ್ಟೆಗಳಿಗೆ ಬಾಯಿ ಹಾಕಿತು. ಜಪಾನಿನ ಅಮಾಮಿ ಒಶಿಮಾ ದ್ವೀಪದಲ್ಲಿ ೧೯೭೯ರಲ್ಲಿ ಹಾವಿನ ಕಾಟಕ್ಕೆಂದು ಮೂವತ್ತರಷ್ಟು ಮುಂಗುಸಿ ಬಿಟ್ಟರು. ಅಲ್ಲಿನ ಅಪರೂಪದ ಮೊಲಗಳಿಗೆ ಕುತ್ತು ಬಂತು. ಅವನ್ನೆಲ್ಲ ಹಿಡಿದು ಮುಗಿಸಿದೆವು ಅಂತ ಜಪಾನ್ ಸರ್ಕಾರ ಘೋಷಿಸಿದ್ದು ೨೦೨೪ರ ಸೆಪ್ಟೆಂಬರ್‌ನಲ್ಲಿ. ಬಿಡೋಕೆ ಒಂದು ದಿನ, ಹಿಡಿಯೋಕೆ ನಲವತ್ತೈದು ವರ್ಷ.



ಈಗ ನಮ್ಮ ಕಡೆಗೆ ಬರೋಣ. ಮೈಸೂರಿನ ಪಶ್ಚಿಮಕ್ಕಿರುವ ಹಳೆಯ ನಾಲ್ಕು ತಾಲ್ಲೂಕುಗಳು ನೋಡೋಕೆ ಅಕ್ಕಪಕ್ಕ, ನೆಲ ಬೇರೆಬೇರೆ. ಹಳಬರು ಎಡತೊರೆ ತಾಲ್ಲೂಕು ಅನ್ನುತ್ತಿದ್ದ ಕೃಷ್ಣರಾಜನಗರದಲ್ಲಿ ಚುಂಚನಕಟ್ಟೆ, ಮಿರ್ಲೆ ಕಡೆಯೆಲ್ಲ ಕಾವೇರಿ ನಾಲೆಯ ಭತ್ತದ ಬಯಲು. ಹುಣಸೂರು, ಪಿರಿಯಾಪಟ್ಟಣದಲ್ಲಿ ಲಕ್ಷ್ಮಣತೀರ್ಥದ ಅಂಚು ಬಿಟ್ಟರೆ ಹೆಚ್ಚಿನದು ಮಳೆ ನಂಬಿದ ಹೊಲ, ರಾಗಿ, ಹೊಗೆಸೊಪ್ಪು. ಕೋಟೆ ಕಡೆ ಕಾಡಂಚು. ಒಂದೊಂದು ನೆಲಕ್ಕೂ ಅದರದ್ದೇ ಇಲಿ. ಭತ್ತದ ಬದುವಿನಲ್ಲಿ ಮನೆ ಮಾಡುವುದು ಗಿಡ್ಡ ಮೂತಿಯ, ಹೆಗ್ಗಣದ ಚಿಕ್ಕ ತಮ್ಮನಂಥ ಇಲಿ. ಅದು ತಿನ್ನುವುದಕ್ಕಿಂತ ಕೂಡಿಡುವುದು ಜಾಸ್ತಿ. ತೆನೆ ಬಲಿಯುವ ಹೊತ್ತಿಗೆ ರಾತ್ರಿಯೆಲ್ಲ ಕತ್ತರಿಸಿ ಬಿಲದೊಳಗಿನ ಕೋಣೆಗಳಿಗೆ ಸಾಗಿಸುತ್ತದೆ. ಬಿಲಕ್ಕೆ ಹಲವು ಬಾಯಿ. ಕೆಲವನ್ನು ಸಡಿಲ ಮಣ್ಣಿಂದ ಮುಚ್ಚಿರುತ್ತದೆ, ಅಪಾಯ ಬಂದರೆ ತಲೆಯಲ್ಲಿ ಗುದ್ದಿಕೊಂಡು ಹಾರಿಹೋಗೋಕೆ.

ಕೊಯ್ಲಾದ ಮೇಲಿನ ಕಾಳಿಗೆ ಹಿಂದಿನವರು ಕಂಡುಕೊಂಡ ಉಪಾಯ ಹಗೇವು. ನೆಲದೊಳಗೆ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಎಳೆದು ಮಣ್ಣು ಮೆತ್ತಿಬಿಡುತ್ತಿದ್ದರು. ಗಾಳಿ ಇಲ್ಲ, ಹುಳ ಇಲ್ಲ, ವರ್ಷಗಟ್ಟಲೆ ಇಟ್ಟರೂ ರಾಗಿ ಕೆಡುತ್ತಿರಲಿಲ್ಲ. ತೆಗೆದ ತಕ್ಷಣ ಇಳಿದರೆ ಮನುಷ್ಯನಿಗೇ ಉಸಿರು ಕಟ್ಟುತ್ತಿತ್ತು, ಅದಕ್ಕೇ ಮೊದಲು ದೀಪ ಇಳಿಸಿ ನೋಡೋದು.

ಹಗೇವು ಕಾಳನ್ನು ಕಾಯಿತು, ಆದರೆ ಮನೆಯೊಳಗಿನ ಇಲಿಯಿಂದ ಮನುಷ್ಯರನ್ನು ಕಾಯೋಕೆ ಏನೂ ಇರಲಿಲ್ಲ. ೧೮೯೮ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು, ಆಮೇಲೆ ಮೈಸೂರು ಸೀಮೆಯ ಹಳ್ಳಿಹಳ್ಳಿಗೆ. ಸೂರಿನಿಂದ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು ಅನ್ನೋದು ಜನ ಕಲಿತ ಪಾಠ. ಭೈರಪ್ಪನವರ 'ಗೃಹಭಂಗ' ಓದಿದವರಿಗೆ ಆ ಗುಡಿಸಲುಗಳು ಮರೆಯೋದಿಲ್ಲ. ಇಲಿಯ ಮೈಮೇಲಿನ ಚಿಗಟವೇ ರೋಗ ದಾಟಿಸುವುದು ಅಂತ ಫ್ರೆಂಚ್ ವೈದ್ಯ ಸಿಮೋನ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ ೧೮೯೮ರಲ್ಲಿ. ದೊಡ್ಡವರು ಒಪ್ಪಿಕೊಳ್ಳೋಕೆ ಮತ್ತೆ ಹತ್ತು ವರ್ಷ ಹಿಡಿಯಿತು. ಗಮನಿಸಿ, ಆಗ ಫೆರೆಟ್ ಇದ್ದಿದ್ದರೂ ಉಪಯೋಗ ಇರುತ್ತಿರಲಿಲ್ಲ. ಇಲಿ ಸತ್ತರೆ ಚಿಗಟ ಅದರ ಮೈ ಬಿಟ್ಟು ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ. ಮನೆಯ ಇಲಿಯನ್ನು ಕೊಲ್ಲೋದೇ ಬೇರೆ ಲೆಕ್ಕ, ಗದ್ದೆಯ ಇಲಿಯನ್ನು ಹಿಡಿಯೋದೇ ಬೇರೆ ಲೆಕ್ಕ.

ಗದ್ದೆಯ ಲೆಕ್ಕಕ್ಕೆ ಅವನಿದ್ದ.



ದೀಪಾವಳಿ ಕಳೆದ ಮೇಲೆ ಬರುತ್ತಿದ್ದ. ವಯಸ್ಸಾದವನು, ಜೊತೆಗೆ ನನ್ನಷ್ಟೇ ವಯಸ್ಸಿನ ಮೊಮ್ಮಗ. ಒಂದು ಗುದ್ದಲಿ, ಒಂದು ಗೋಣಿಚೀಲ, ತಳ ತೂತು ಮಾಡಿದ ಒಂದು ಮಡಕೆ. ಮೊದಲು ಬದುವಿನ ಉದ್ದಕ್ಕೂ ಬಗ್ಗಿ ನೋಡಿಕೊಂಡು ಹೋಗುತ್ತಿದ್ದ. ಹೊಸ ಮಣ್ಣು ಎಲ್ಲಿದೆ, ಉದುರಿದ ಭತ್ತ ಎಲ್ಲಿದೆ, ಹುಲ್ಲು ಎಲ್ಲಿ ಸವೆದಿದೆ. ನಾನು ಹಿಂದೆಹಿಂದೆ.

"ಎಷ್ಟು ಬಾಯಿ ಅದೆ ಅಂತ ಮೊದ್ಲು ಎಣಿಸ್ಬೇಕು ಬುದ್ಧೀ" ಅನ್ನುತ್ತಿದ್ದ ನನಗೇ, ಒಂಬತ್ತು ವರ್ಷದವನಿಗೆ. "ಒಂದ್ ಬಾಯಿ ಬುಟ್ರೂ ಹೊಗೆ ನಮ್ಗೆ, ಇಲಿ ಪಕ್ಕದ್ ಗದ್ದೆಗೆ."

ಎಲ್ಲ ಬಾಯಿಗೂ ಒದ್ದೆ ಮಣ್ಣು ಮೆತ್ತಿ ಎರಡನ್ನು ಮಾತ್ರ ಬಿಡೋದು. ಮಡಕೆಯಲ್ಲಿ ಹುಲ್ಲು, ಬೆರಣಿ ತುಂಬಿ ಬೆಂಕಿ ಹಾಕಿ ಒಂದು ಬಾಯಿಗೆ ಕವುಚಿ ಹಿಡಿದು, ತಳದ ತೂತಿಗೆ ಬಾಯಿಟ್ಟು ಊದೋದು. ಊದೋದು, ಕೆಮ್ಮೋದು, ಮತ್ತೆ ಊದೋದು. ಅವನ ತುಟಿಯ ಸುತ್ತ ಸುಟ್ಟ ಕಲೆಗಳಿದ್ದವು. ಇನ್ನೊಂದು ಬಾಯಲ್ಲಿ ಮೊಮ್ಮಗ ಗೋಣಿ ಹಿಡಿದು ಕೂತಿರುತ್ತಿದ್ದ. ಹೊಗೆಗೆ ತಲೆತಿರುಗಿ ಬಂದ ಇಲಿಗಳು ಗೋಣಿಯೊಳಗೆ. ಆಮೇಲೆ ಅಗೆತ. ಒಂದು ಗೇಣು, ಎರಡು ಗೇಣು. ಕೊನೆಗೆ ತೋಳಿನವರೆಗೂ ಕೈ ಹಾಕಿ ಎಳೆದರೆ ಒಣಗಿದ ಭತ್ತದ ತೆನೆ, ಕಟ್ಟುಗಟ್ಟಲೆ! ಕತ್ತರಿಸಿ ಜೋಡಿಸಿಟ್ಟ ಹಾಗಿರುತ್ತಿತ್ತು. ಒಳ್ಳೆ ಬಿಲವಾದರೆ ಎರಡು ಮೂರು ಸೇರು.

ಆ ಭತ್ತ ಅವನದು, ಇಲಿಯೂ ಅವನದು. ಸಂಜೆ ಸಾರಿಗೆ. ತಾತ ಬೇರೆ ಕೂಲಿ ಅಂತ ಕೊಡುತ್ತಿರಲಿಲ್ಲ. ತಾತನಿಗೆ ಇಲಿ ಹೋಯಿತು, ಬದು ಉಳಿಯಿತು. ಅವನಿಗೆ ಬಾಡು, ಭತ್ತ. ಇಬ್ಬರಿಗೂ ಲಾಭ. ಯೋಚಿಸಿ ನೋಡಿ, ಫೆರೆಟ್ ಸಾಕೋಕೆ ದಿನಾ ಮಾಂಸ ಹಾಕಬೇಕು. ನಾವು ಅದನ್ನು ಸಾಕಲಿಲ್ಲ, ಯಾಕೆಂದರೆ ಅದಕ್ಕಿಂತ ಅಗ್ಗಕ್ಕೆ ಒಬ್ಬ ಮನುಷ್ಯ ಸಿಗುತ್ತಿದ್ದ. ಅವನ ಹಸಿವೇ ನಮ್ಮ ಬೆಳೆಯ ಕಾವಲು.

ಅಜ್ಜಿ ಅವನಿಗೆ ನೀರು ಕೊಡುತ್ತಿದ್ದದ್ದು ಎತ್ತರದಿಂದ, ಬೊಗಸೆಗೆ. ಕಣದಿಂದ ಈಚೆಗೆ ಅವನು ಬಂದದ್ದು ನಾನು ನೋಡಿಲ್ಲ. 'ಬೆಟ್ಟ ಅಗೆದು ಇಲಿ ಹಿಡಿದ ಹಾಗೆ' ಅಂತ ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ, ದಂಡದ ಕೆಲಸ ಅನ್ನೋದಕ್ಕೆ. ಅದು ಕಣದ ಈಚೆ ಕೂತವರು ಕಟ್ಟಿದ ಗಾದೆ ಇರಬೇಕು. ಅಗೆದವನಿಗೆ ಇಲಿಯೂ ಸಿಕ್ಕಿತು, ಅನ್ನವೂ ಸಿಕ್ಕಿತು.

ಒಂದು ವರ್ಷ ಮಳೆ ಕೈಕೊಟ್ಟು ನಾಲೆಯಲ್ಲಿ ನೀರು ಸಾಲದೆ ಬೆಳೆ ಅರ್ಧ ಆಗಿತ್ತು. ಅವನು ಬಂದ, ಅಗೆದ. ಸಂಜೆ ಗೋಣಿ ಹೊತ್ತು ಹೊರಟಾಗ ತಾತ ಕರೆದರು. ಕಣದಲ್ಲಿ ಭತ್ತ ಸುರಿಸಿ, ಸೇರು ತರಿಸಿ ಅಳೆದರು. ಅರ್ಧ ಆಚೆ, ಅರ್ಧ ಈಚೆ. "ನಮ್ಮ ಗದ್ದೆ ಭತ್ತ ತಾನೇ?" ಅಂದರು. ಅವನು ಏನೂ ಮಾತಾಡಲಿಲ್ಲ. ಸೇರು ತಂದುಕೊಟ್ಟವನು ನಾನೇ. ಅಳತೆ ಆಗುವಾಗ ಮೊಮ್ಮಗ ನನ್ನನ್ನೇ ನೋಡುತ್ತಿದ್ದ.

ಮುಂದಿನ ವರ್ಷ ಅವರು ಬರಲಿಲ್ಲ. ಆಮೇಲೂ ಬರಲಿಲ್ಲ.



ಬಂದದ್ದು ಇಲಿ ಪಾಷಾಣ. ಚಿಕ್ಕಪ್ಪ ಪೇಟೆಯಿಂದ ತಂದ ಕಪ್ಪು ಪುಡಿ, ಜಿಂಕ್ ಫಾಸ್ಫೈಡ್. ಮೊದಲ ವಾರ ಇಲಿಗಳು ಸಾಲಾಗಿ ಬಿದ್ದವು. ಆಮೇಲೆ ಮುಟ್ಟಲೇ ಇಲ್ಲ. ಇಲಿ ಜಾಣ ಪ್ರಾಣಿ. ಹೊಸ ತಿನಿಸನ್ನು ಚೂರು ರುಚಿ ನೋಡಿ, ಹೊಟ್ಟೆ ಕೆಟ್ಟರೆ ಮತ್ತೆ ಅದರ ಹತ್ತಿರ ಸುಳಿಯೋದಿಲ್ಲ. ಅದಕ್ಕೇ ಮೊದಲು ಕೆಲವು ದಿನ ಬರೀ ಕಾಳಿಟ್ಟು ನಂಬಿಸಿ, ಆಮೇಲೆ ವಿಷ ಬೆರೆಸಬೇಕು ಅಂತ ಕೃಷಿ ಇಲಾಖೆಯವರು ಹೇಳೋದು. ನಮ್ಮ ಮನೆಯಲ್ಲಿ ಅಷ್ಟು ತಾಳ್ಮೆ ಯಾರಿಗಿತ್ತು? ಆ ವರ್ಷ ಮನೆಯ ಬೆಕ್ಕು ಸತ್ತಿತು. ಮುಂದೆ ಬಂದ ಬ್ರೋಮಾಡಿಯೋಲೋನ್ ಬೇರೆ ಥರ, ಇಲಿಯ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ನಿಧಾನ ಕೊಲ್ಲುತ್ತದೆ. ಅಷ್ಟರೊಳಗೆ ಆ ಮಂಕು ಇಲಿಯನ್ನು ಗೂಬೆ ಹಿಡಿದರೆ ವಿಷ ಗೂಬೆಗೂ. ಕಾವಲುಗಾರನಿಗೇ ವಿಷ ಹಾಕಿದ ಹಾಗಾಯಿತು. ಅಟ್ಟದ ಮೇಲಿನ ಆ ಪೊಟ್ಟಣ ಎಷ್ಟು ಮನೆಗಳಲ್ಲಿ ಮನುಷ್ಯರನ್ನೇ ಬಲಿ ತೆಗೆದುಕೊಂಡಿದೆ ಅನ್ನೋದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು.

ಉಳಿದ ಬೇಟೆಗಾರರ ಗತಿಯೂ ಅಷ್ಟೇ. ಬಣ್ಣದ ಕುಂಚಕ್ಕೆ ಕೂದಲು ಬೇಕು ಅಂತ ಮುಂಗುಸಿ ಕೊಲ್ಲುವ ದಂಧೆ ದೇಶದ ತುಂಬ ಇದೆ. ೨೦೧೯ರಲ್ಲಿ ಕೇಂದ್ರದ ವನ್ಯಜೀವಿ ಅಪರಾಧ ತಡೆ ದಳದವರು ಹಲವು ರಾಜ್ಯಗಳಲ್ಲಿ ದಾಳಿ ಮಾಡಿ ಕುಂಚಗಳ ರಾಶಿಯನ್ನೇ ಹಿಡಿದರು. ಹಾವಿನ ಚರ್ಮದ ವ್ಯಾಪಾರಕ್ಕೆ ೧೯೭೦ರ ದಶಕದಲ್ಲೇ ತಡೆ ಬಿತ್ತು.

೧೯೭೨ರ ವನ್ಯಜೀವಿ ಕಾಯ್ದೆ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಲೆ, ಉರುಲು ಬಿಟ್ಟರೆ ಬೇರೆ ಬದುಕು ಗೊತ್ತಿಲ್ಲದವರು ಒಂದೇ ಏಟಿಗೆ ಕಳ್ಳರಾದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹೆಸರಲ್ಲೇ ಅಲ್ಲಿ ನೆಲೆಸಿದ ಹಕ್ಕಿಪಿಕ್ಕಿಗಳ ಹಳೆಯ ಕಸುಬು ಇದೆ. ಇವತ್ತು ಅವರು ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರಿಕೊಂಡು ದೇಶದೇಶ ಸುತ್ತುತ್ತಾರೆ. ೨೦೨೩ರಲ್ಲಿ ಸುಡಾನ್ ಯುದ್ಧದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಹಾಕಿಕೊಂಡ ಸುದ್ದಿ ನೀವೂ ಓದಿರುತ್ತೀರಿ.

ಬೇರೆ ದಾರಿಯೇ ಇರಲಿಲ್ಲವಾ? ಇತ್ತು. ತಮಿಳುನಾಡಿನ ಇರುಳರದ್ದೂ ಇದೇ ಕಸುಬು, ಇದೇ ಮಡಕೆ, ಇದೇ ಸುಟ್ಟ ತುಟಿ. ಹಾವು ಹಿಡಿಯುವ ಅವರ ವಿದ್ಯೆಗೆ ಬೆಲೆ ಕಟ್ಟಿ ೧೯೭೮ರಲ್ಲಿ ರಾಮ್ಯುಲಸ್ ವಿಟೇಕರ್ ನೆರವಿನಿಂದ ಒಂದು ಸಹಕಾರ ಸಂಘ ಆಯಿತು. ಕೊಲ್ಲದೆ ಹಾವಿನ ವಿಷ ತೆಗೆದು ಔಷಧಕ್ಕೆ ಕೊಡುವುದು. ೨೦೦೩ರಲ್ಲಿ ಬಾಯಲ್ಲಿ ಊದುವ ಮಡಕೆಯ ಬದಲು ಕೈಯಲ್ಲಿ ತಿರುಗಿಸಿ ಹೊಗೆ ಹಾಕುವ ಲೋಹದ ಸಾಧನವೊಂದಕ್ಕೆ ವಿಶ್ವಬ್ಯಾಂಕಿನ ಸ್ಪರ್ಧೆಯಲ್ಲಿ ಹಣ ಸಿಕ್ಕಿತು. ದೊಡ್ಡ ವಿಜ್ಞಾನ ಏನಲ್ಲ, ಒಂದು ಸಣ್ಣ ಡಬ್ಬಿ. ಆದರೆ ಅದನ್ನು ಮಾಡೋಕೆ ಯಾರೋ ಒಬ್ಬರು ಆ ತುಟಿಯ ಕಲೆಯನ್ನು ನೋಡಬೇಕಿತ್ತು.



ನಾನು ನೋಡಿದ್ದೆ. ಒಂಬತ್ತು ವರ್ಷದ ನನಗೆ ಅದೊಂದು ತಮಾಷೆಯಾಗಿ ಕಂಡಿತ್ತು, ಅಷ್ಟೇ.

ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪನನ್ನು ಕೇಳಿದೆ, "ಆ ಇಲಿ ಹಿಡಿಯೋನು, ಅವನ ಹೆಸರೇನು?" ಚಿಕ್ಕಪ್ಪ ತುಂಬಾ ಹೊತ್ತು ಯೋಚಿಸಿ, "ಇಲಿಯವನು ಅಂತಿದ್ವಲ್ಲ" ಅಂದರು. ಪಕ್ಕದ ಗದ್ದೆಯ ಯಜಮಾನರೂ ಅದನ್ನೇ ಅಂದರು. ಇಪ್ಪತ್ತು ವರ್ಷ ನಮ್ಮ ಬದು ಕಾದವನಿಗೆ ನಮ್ಮ ಊರಲ್ಲಿ ಹೆಸರಿಲ್ಲ.

ಸಾವಿರಾರು ಮೈಲಿ ದೂರದ, ನೂರೈವತ್ತು ವರ್ಷಕ್ಕೂ ಹಿಂದಿನ ಲಂಡನ್ನಿನ ಇಲಿ ಹಿಡಿಯುವವನ ಹೆಸರು ನನಗೆ ಗೊತ್ತು, ಅವನ ಫೆರೆಟ್ ಗೊತ್ತು, ಅವನ ಎದೆಪಟ್ಟಿ ಗೊತ್ತು. ನನಗೆ ಬಿಲದ ಬಾಯಿ ಎಣಿಸೋದು ಕಲಿಸಿದವನ ಹೆಸರು ಗೊತ್ತಿಲ್ಲ. ಮೇಹ್ಯೂ ಪಕ್ಕದಲ್ಲಿ ಕೂತು ಕೇಳಿದ. ನಾನು ಸೇರು ತಂದುಕೊಟ್ಟೆ.

ನಿಮ್ಮ ಕಡೆ ಗದ್ದೆಯಲ್ಲಿ ಇಲಿ ಹಿಡಿಯಲು ಯಾರು ಬರುತ್ತಿದ್ದರು? ಏನು ಸಾಧನ ಇರುತ್ತಿತ್ತು? ಬಿಲದ ಭತ್ತ ಯಾರ ಪಾಲಾಗುತ್ತಿತ್ತು? ಗೊತ್ತಿದ್ದವರು ಬರೆಯಿರಿ. ಹೆಸರು ನೆನಪಿದ್ದರೆ ಹೆಸರಿನ ಜೊತೆಗೇ ಬರೆಯಿರಿ.